ಮೇಲಿಂದ ಹಾಕಿದ ಬ್ರೆಡ್ಡು

ಅಮೆರಿಕಕ್ಕೆ ಬಂದ ಮಲ್ಲಮ್ಮನಿಗೆ ಮಗ ಮೊದಲು ಕಲಿಸಿದ್ದು ಸುಳ್ಳನ್ನು. ಡೆಟ್ರಾಯಿಟ್ ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲಿ, ಕಾರಿನಲ್ಲೇ ಪಾಠ ಶುರುವಾಯಿತು.

"ಯಾವೂರು ಅಂದ್ರೆ ಮೈಸೂರು ಕಡೆ ಅನ್ನು. ಯಾವ ಜನ ಅಂತ ಕೇಳಿದ್ರೆ ನಕ್ಕು ಸುಮ್ನಾಗು" ಎಂದ ಮಂಜೇಶ.

"ನಗೋದ್ಯಾಕ್ಲಾ?"

"ಸುಮ್ನೆ ನಗವ್ವ."

ಇನ್ನೊಂದು ಮಾತನ್ನೂ ಹೇಳಿದ. ಕನ್ನಡದವರು ಎದುರಿಗಿದ್ದಾಗ ಅವ್ವ ಅನ್ನುವುದಿಲ್ಲ, ಅಮ್ಮ ಅನ್ನುತ್ತೇನೆ, ಯಾರನ್ನೋ ಕರೆಯುತ್ತಿದ್ದಾನೆ ಅಂದುಕೊಳ್ಳಬೇಡ ಎಂದ. ಮುಂದಿನ ಸೀಟಿನಲ್ಲಿದ್ದ ಸೊಸೆ ಲತಾಶ್ರೀ ಕಿಟಕಿಯಾಚೆ ನೋಡುತ್ತಿದ್ದಳು. ಮಲ್ಲಮ್ಮನಿಗೆ ನಿದ್ದೆ ಬಂದಿತ್ತು. ಹೂಂ ಅಂದಳು.

ಮಲ್ಲಮ್ಮ ಮಳವಳ್ಳಿ ಸೀಮೆಯ ಒಂದು ಊರಿನ ಹೊಲಗೇರಿಯವಳು. ಗಂಡ ಪಟೇಲರ ಮನೆಯಲ್ಲಿ ಜೀತಕ್ಕಿದ್ದ. ಇವಳು ಅದೇ ಮನೆಯ ಕೊಟ್ಟಿಗೆ ಬಾಚುತ್ತಿದ್ದಳು. ಸಗಣಿ ತುಂಬಿದ ಮಂಕರಿ ಹೊತ್ತು ತಿಪ್ಪೆಗೆ ಹೋಗುವಾಗ ಗಂಜಲ ಕತ್ತಿನ ಮೇಲೆ ಇಳಿದು ಬೆನ್ನಿಗೆ ಹರಿಯುತ್ತಿತ್ತು. ಮಂಜೇಶ ಹೊಟ್ಟೆಯಲ್ಲಿದ್ದಾಗಲೂ ಹೊತ್ತಳು. ಮಧ್ಯಾಹ್ನ ಹಿತ್ತಲ ಜಗಲಿಯ ಕೆಳಗೆ ಮಂಡಿಯೂರಿ ಕೂರಬೇಕು. ಮನೆಯ ಹೆಂಗಸು ಜಗಲಿಯ ಮೇಲೆ ನಿಂತು ಮುದ್ದೆಯನ್ನು ಸೆರಗಿಗೆ ಎತ್ತಿ ಹಾಕುತ್ತಿದ್ದಳು. ಮುದ್ದೆ ಮಣ್ಣಿಗೆ ಬಿದ್ದರೆ ಒರೆಸಿಕೊಂಡು ತಿನ್ನಬೇಕು. ನೀರನ್ನು ಬೊಗಸೆಗೆ ಮೇಲಿಂದ ಹುಯ್ಯುತ್ತಿದ್ದಳು. ಅರ್ಧ ಬಾಯಿಗೆ ಹೋಗುತ್ತಿತ್ತು. ಉಳಿದದ್ದು ಮೊಣಕೈಯಿಂದ ಇಳಿದು ಎದೆ ಒದ್ದೆಯಾಗುತ್ತಿತ್ತು.

ಮಂಜೇಶ ಹಾಸ್ಟೆಲಿನಲ್ಲಿದ್ದು ಓದಿದ. ಈಗ ಆಬರ್ನ್ ಹಿಲ್ಸಿನಲ್ಲಿ ಕಾರಿನ ಬ್ರೇಕು ಡಿಸೈನ್ ಮಾಡುವ ಎಂಜಿನಿಯರ್. ಆಫೀಸಿನಿಂದ ಹದಿನಾಲ್ಕು ಮೈಲಿ ದೂರದ ವಿಟ್ನಿ ಮಿಲ್ಸ್ ಎಂಬ ಊರಿನಲ್ಲಿ ಮನೆ ಕೊಂಡಿದ್ದ. ಅವನ ಸಬ್‌ಡಿವಿಷನ್ನಿನಲ್ಲಿ ಅಂದರೆ ಬಡಾವಣೆಯಲ್ಲಿ ಐದು ಕನ್ನಡದ ಮನೆಗಳು. ಅದರಲ್ಲಿ ಒಂದು ಗಿರೀಶನದು. ಗಿರೀಶ ಮದ್ದೂರು ಕಡೆಯ ಪಟೇಲರ ಮನೆತನದವನು. ಆಫೀಸಿನಲ್ಲಿ ಮಂಜೇಶನ ಮ್ಯಾನೇಜರ್. ಮಂಜೇಶನ ಗ್ರೀನ್ ಕಾರ್ಡ್ ಫೈಲು ಅವನ ಸಹಿ ಆಗದೆ ಮುಂದೆ ಹೋಗುತ್ತಿರಲಿಲ್ಲ.

ಗಿರೀಶನ ತಾಯಿ ಅನುಸೂಯಮ್ಮನೂ ಮಗನ ಮನೆಗೆ ಬಂದಿದ್ದರು. ಹಗಲು ಹೊತ್ತು ಆ ಸಬ್‌ಡಿವಿಷನ್ನಿನಲ್ಲಿ ಕನ್ನಡ ಆಡುವವರು ಈ ಇಬ್ಬರು ಮುದುಕಿಯರೇ. ಬೆಳಿಗ್ಗೆ ಕೆರೆಯಂಥ ಒಂದು ಹೊಂಡದ ಸುತ್ತ ಜೊತೆಯಲ್ಲಿ ನಡೆಯುತ್ತಿದ್ದರು. ಅನುಸೂಯಮ್ಮ ಮಾತುಗಾತಿ. ಅತ್ತೆ ಮನೆಯ ಗದ್ದೆ, ಆಲೆಮನೆ, ಆಳುಕಾಳು ಎಲ್ಲ ಅವರ ಬಾಯಲ್ಲಿ ಬರುತ್ತಿತ್ತು. ಜೀತದಾಳುಗಳೇ ಹನ್ನೆರಡು ಜನ ಇದ್ದರಂತೆ. ಒಂದು ದಿನವೂ ಯಾರಿಗೂ ಊಟ ತಪ್ಪಿಸಲಿಲ್ಲವಂತೆ. ಮಲ್ಲಮ್ಮ ಮಗ ಕಲಿಸಿದಂತೆ ನಕ್ಕು ಸುಮ್ಮನಾಗುತ್ತಿದ್ದಳು. ಇವಳೂ ತಮ್ಮ ಪೈಕಿಯೇ ಇರಬೇಕು ಎಂದು ಅನುಸೂಯಮ್ಮ ತಿಳಿದುಕೊಂಡರು. ಆಮೇಲೆ ಅವರ ಅಡುಗೆಮನೆಯಲ್ಲಿ ಕಾಫಿ. ಪಟೇಲರ ಮನೆಯ ಅಡುಗೆಮನೆಯೊಳಗೆ ಮಲ್ಲಮ್ಮ ಜೀವಮಾನದಲ್ಲಿ ಮೊದಲ ಸಲ ಕೂತಿದ್ದಳು. ಅವರು ಕುಡಿಯುವ ಸ್ಟೀಲ್ ಲೋಟವೇ, ಅವರು ಕೂರುವ ಕುರ್ಚಿಯೇ. ಕುಡಿದ ಲೋಟವನ್ನು ತಾನೇ ತೊಳೆದು ಬೋರಲು ಹಾಕುತ್ತಿದ್ದಳು. ಅಚ್ಚುಕಟ್ಟಿನ ಹೆಂಗಸು ಎಂದು ಅನುಸೂಯಮ್ಮ ಅಂದುಕೊಂಡಿರಬೇಕು. ಮಲ್ಲಮ್ಮ ಆದರೂ ಹೋಗುತ್ತಿದ್ದಳು. ಮಾತಿಗೆ ಬೇರೆ ಯಾರಿದ್ದರು?

ವಿಟ್ನಿ ಮಿಲ್ಸಿನ ಚೌಕದಲ್ಲಿ ಒಬ್ಬ ಕಲ್ಲಿನ ಸಿಪಾಯಿ ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದಾನೆ. ನೂರ ಅರವತ್ತು ವರ್ಷದ ಹಿಂದೆ ಈ ದೇಶದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧವಾಯಿತು. ದಕ್ಷಿಣದವರು ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು, ಬಿಡುವುದಿಲ್ಲ ಎಂದರು. ಈ ಊರಿನ ಹುಡುಗರು ಅವರ ವಿರುದ್ಧ ಹೋಗಿ ಸತ್ತರು. ಕಲ್ಲಿನ ಬುಡದಲ್ಲಿ ಅವರ ಹೆಸರುಗಳಿವೆ. ಊರಿನವರಿಗೆ ಇವತ್ತಿಗೂ ಅದೇ ಗುರುತು. ಹೊಸಬರು ಬಂದರೆ ಅದನ್ನೇ ಮೊದಲು ತೋರಿಸುತ್ತಾರೆ. ಹೈವೇ ಎಕ್ಸಿಟ್ಟಿನ ಹತ್ತಿರ ಕೆಲವರು ಪಿಕಪ್ ಟ್ರಕ್ಕಿಗೆ ದಕ್ಷಿಣದ ಬಾವುಟ ಕಟ್ಟಿಕೊಂಡು ತಿರುಗುತ್ತಾರೆ. ಅವರು ನಮ್ಮವರಲ್ಲ, ಅವರ ತಾತಂದಿರು ಕಾರ್ ಫ್ಯಾಕ್ಟರಿ ಕೆಲಸಕ್ಕೆ ದಕ್ಷಿಣದ ಕಡೆಯ ಕೆಂಟಕಿಯಿಂದ ಬಂದವರು ಎಂದು ಊರಿನವರು ಮೂಗು ಮುರಿಯುತ್ತಾರೆ. ತಪ್ಪು ಎಂಬುದೆಲ್ಲ ದಕ್ಷಿಣದಲ್ಲಿದೆ. ಇಲ್ಲಿ ಇಲ್ಲ.

ಪ್ರತಿ ಅಕ್ಟೋಬರಿನಲ್ಲಿ ಆ ಊರಿನಲ್ಲಿ ಸ್ವಾತಂತ್ರ್ಯದ ಹಬ್ಬ. ಊರಾಚೆ ಒಂದು ಹಳೆಯ ರೈತನ ಮನೆಯಿದೆ. ದಕ್ಷಿಣದಿಂದ ತಪ್ಪಿಸಿಕೊಂಡು ಓಡಿಬಂದ ಗುಲಾಮರನ್ನು ಆ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಕೆನಡಾಕ್ಕೆ ದಾಟಿಸುತ್ತಿದ್ದರಂತೆ. ಹಬ್ಬದ ದಿನ ಐದನೇ ಗ್ರೇಡಿನ ಮಕ್ಕಳು ಅದನ್ನು ಆಡಿ ತೋರಿಸಬೇಕು. ಕೆಲವರು ರೈತನ ಮನೆಯವರು. ಕೆಲವರು ಓಡಿಬಂದವರು.

ಮಂಜೇಶನ ಮಗಳು ತನಿಷಾ ಐದನೇ ಗ್ರೇಡಿನಲ್ಲಿದ್ದಳು. ಬಣ್ಣ ನೋಡಿ ಪಾತ್ರ ಕೊಡುವುದಿಲ್ಲ ಎಂದು ಟೀಚರ್ ಹೇಳಿದ್ದರು. ಕೊನೆಗೆ ಓಡಿಬಂದವರಾದದ್ದು ತನಿಷಾ, ಒಬ್ಬ ಮೆಕ್ಸಿಕನ್ ಹುಡುಗ, ಒಬ್ಬಳು ತೆಲುಗು ಹುಡುಗಿ, ಮತ್ತು ಗಿರೀಶನ ಮಗಳು ಸುಚೇತಾ. ಗಿರೀಶನ ಹೆಂಡತಿ ಮಾನಸ ಆ ದಿನವೇ ಸ್ಕೂಲಿಗೆ ಇಮೇಲ್ ಹಾಕಿ ಮಗಳ ಪಾತ್ರ ಬದಲಾಯಿಸಿಕೊಂಡಳು. ಸುಚೇತಾ ರೈತನ ಮಗಳಾದಳು. "ನಮ್ ಹುಡುಗಿ ಅಷ್ಟು ಡಾರ್ಕ್ ಇಲ್ವಲ್ಲ ಲತಾ, ಸೆಟ್ ಆಗ್ತಿರ್ಲಿಲ್ಲ" ಎಂದು ಲತಾಶ್ರೀಗೆ ಫೋನಿನಲ್ಲಿ ಹೇಳಿದಳು.

ತಾನೂ ಇಮೇಲ್ ಹಾಕುತ್ತೇನೆ ಎಂದು ಲತಾಶ್ರೀ ಗಂಡನಿಗೆ ಹೇಳಿದಳು. ಮಂಜೇಶ ಬೇಡ ಎಂದ. ಹಬ್ಬದ ಸಮಿತಿಯಲ್ಲಿ ಗಿರೀಶ ಇದ್ದಾನೆ, ಇದನ್ನೊಂದು ದೊಡ್ಡ ವಿಷಯ ಮಾಡಬೇಡ ಎಂದ. ತನಿಷಾ "ಇಟ್ಸ್ ಜಸ್ಟ್ ಅ ಪ್ಲೇ" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಅದೇ ತರಗತಿಯಲ್ಲಿ ಒಬ್ಬ ಕಪ್ಪು ಹುಡುಗನಿದ್ದ. ಅವನ ತಾಯಿ ಡೊರೀನ್ ಊರಿನ ಆಸ್ಪತ್ರೆಯಲ್ಲಿ ನರ್ಸ್. ಹಬ್ಬದ ದಿನ ಅವಳು ಮಗನನ್ನು ಮನೆಯಲ್ಲೇ ಇಟ್ಟುಕೊಂಡಳು.

ಹಬ್ಬದ ಮಧ್ಯಾಹ್ನ ಏಳು ಡಿಗ್ರಿ ಚಳಿ. ಮಲ್ಲಮ್ಮ ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ ಹಾಕಿಕೊಂಡು ಹೊರಟಳು. ಮೊಮ್ಮಗಳು ನಾಟಕದಲ್ಲಿದ್ದಾಳೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ನೋಡುವವರನ್ನು ಹತ್ತು ಹತ್ತು ಜನರಂತೆ ನೆಲಮಾಳಿಗೆಗೆ ಇಳಿಸುತ್ತಿದ್ದರು. ಕೆಳಗೆ ಮಣ್ಣಿನ ನೆಲ, ಮುಗ್ಗಲು ವಾಸನೆ. ನಡುವೆ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಈಚೆ ನೋಡುವವರು. ಆಚೆ ಮೂವರು ಮಕ್ಕಳು. ಮೈಗೆ ಗೋಣಿತಾಟಿನ ಅಂಗಿ, ಪಾದಕ್ಕೆ ಸುತ್ತಿದ ಗೋಣಿಪಟ್ಟಿ. ಮುಖಕ್ಕೆ ಮಸಿ ಬಳಿಯುವುದನ್ನು ಕೆಲವು ವರ್ಷದ ಹಿಂದೆ ನಿಲ್ಲಿಸಿದ್ದರು. ತನಿಷಾ ಮಣ್ಣಿನ ಮೇಲೆ ಮಂಡಿಯೂರಿದ್ದಳು. ಚಳಿಗೆ ಅವಳ ಗದ್ದ ನಡುಗುತ್ತಿತ್ತು. ಅದು ನಾಟಕವಲ್ಲ.

ಮೇಲೆ ಒಂದು ಹಲಗೆ ಬಾಗಿಲು ತೆರೆಯಿತು. ಬೆಳಕು ಬಿತ್ತು. ಬಿಳಿ ಟೊಪ್ಪಿಗೆ ಕಟ್ಟಿಕೊಂಡ ಹುಡುಗಿಯೊಬ್ಬಳು ಬಗ್ಗಿದಳು. ಸುಚೇತಾ. ಕೈಯಲ್ಲಿ ಬ್ರೆಡ್ಡಿನ ಬುಟ್ಟಿ. ಮಕ್ಕಳು ಎರಡೂ ಕೈ ಬೊಗಸೆ ಮಾಡಿ ಮೇಲೆತ್ತಿದರು. ಸುಚೇತಾ ಒಂದು ತುಂಡು ಹಾಕಿದಳು. ಅದು ತನಿಷಾಳ ಬೊಗಸೆಗೆ ತಗುಲಿ ಮಣ್ಣಿಗೆ ಬಿತ್ತು. ತನಿಷಾ ಅದನ್ನು ಎತ್ತಿ, ಗೋಣಿ ಅಂಗಿಗೆ ಒರೆಸಿ, ತಲೆ ಬಗ್ಗಿಸಿ ಹೇಳಿಕೊಟ್ಟಿದ್ದ ಮಾತು ಹೇಳಿದಳು. "ಥ್ಯಾಂಕ್ ಯೂ, ಮಿಸ್."

ಈಚೆ ನಿಂತವರು ಚಪ್ಪಾಳೆ ತಟ್ಟಿದರು.

ಮಲ್ಲಮ್ಮ ಹಗ್ಗದ ಕೆಳಗೆ ನುಸುಳಿ ಆಚೆ ಹೋದಳು. ಮೊಮ್ಮಗಳ ರಟ್ಟೆ ಹಿಡಿದಳು.

"ಏಳು ಕೂಸೆ."

"ಅಜ್ಜಿ, ಸ್ಟಾಪ್."

"ಏಳು ಮೇಲಕ್ಕೆ. ಈ ಕೈ ಹಿಂಗೆ ಹಿಡಿಯೋದು ನನ್ನ ಕಾಲಕ್ಕೇ ಮುಗೀತು."

ಹುಡುಗಿಯನ್ನು ಎಳೆದು ನಿಲ್ಲಿಸಿದಳು. ಅವಳ ಕೈಯಿಂದ ಬ್ರೆಡ್ಡು ಕಿತ್ತುಕೊಂಡು ಏಣಿಯ ಮೆಟ್ಟಿಲ ಮೇಲಿಟ್ಟಳು. ತಲೆಯೆತ್ತಿದಳು. ಬಾಗಿಲಲ್ಲಿ ಸುಚೇತಾ ಅಳಲು ಶುರು ಮಾಡಿದ್ದಳು. ಅವಳ ಹಿಂದೆ ಮೊಮ್ಮಗಳ ಫೋಟೊ ತೆಗೆಯಲು ನಿಂತ ಅನುಸೂಯಮ್ಮ.

"ನಿಮ್ಮತ್ತೆ ಮನೇಲೂ ಹಿಂಗೇ ತಾನೆ ಹಾಕ್ತಿದ್ದದ್ದು?" ಎಂದಳು ಮಲ್ಲಮ್ಮ. ಜೋರಾಗಿ ಹೇಳಲಿಲ್ಲ. "ನಮ್ಮೂರ ಪಟೇಲ್ರ ಮನೇಲಿ ಜಗಲಿ ಕೆಳಗೆ ಕೂತು ಇಸ್ಕಂಡೋಳು ನಾನು. ನಾವು ಆ ಜನ ಕಣವ್ವ."

ಆ ನೆಲಮಾಳಿಗೆಯಲ್ಲಿ ಕನ್ನಡ ಬರುವವರು ಆರೇಳು ಮಂದಿ ಇದ್ದರು. ಎಲ್ಲರಿಗೂ ಕೇಳಿಸಿತು. ಅನುಸೂಯಮ್ಮ ಫೋನು ಕೆಳಗಿಳಿಸಿದರು. ಮಂಜೇಶ ಗೋಡೆಗೆ ಆನಿಕೊಂಡು ನಿಂತಿದ್ದ.

ಮನೆಗೆ ಬಂದ ಮೇಲೆ ಕೂಗಾಡಿದ. ಎಂಟು ವರ್ಷದಿಂದ ಈ ಜನರ ಮನೆಯಲ್ಲಿ ಉಂಡಿದ್ದೇನೆ, ಅವರ ಮಕ್ಕಳ ಬರ್ತ್‌ಡೇಗೆ ಹೋಗಿದ್ದೇನೆ, ಯಾರೂ ಒಂದು ಮಾತು ಕೇಳಿರಲಿಲ್ಲ, ಕಟ್ಟಿಕೊಂಡದ್ದನ್ನೆಲ್ಲ ಒಂದು ಗಳಿಗೆಯಲ್ಲಿ ಕೆಡವಿದೆ ಎಂದ.

"ಏನ್ ಕಟ್ಕಂಡಿದ್ದೆ ಮಗ?" ಎಂದಳು ಮಲ್ಲಮ್ಮ. "ನನ್ನ ಮರೆ ಮಾಡಕ್ಕೆ ಗೋಡೆಯ?"

ಅವನು ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಅಜ್ಜಿ ಏನು ಹೇಳಿದಳು ಎಂದು ತನಿಷಾ ತಾಯಿಯನ್ನು ಕೇಳಿದಳು. ಲತಾಶ್ರೀ ಹೇಳಿದಳು. ಮುದ್ದೆ, ಜಗಲಿ, ನೀರು, ಜೀತ, ಎಲ್ಲ. ಇಂಗ್ಲಿಷಿನಲ್ಲಿ ಸಿಗದ ಮಾತುಗಳನ್ನು ಕೈಯಲ್ಲಿ ತೋರಿಸಿದಳು. ತನಿಷಾ ತನ್ನ ಎರಡೂ ಕೈ ಬೊಗಸೆ ಮಾಡಿ ನೋಡಿಕೊಂಡಳು. ಆಮೇಲೆ ಕೇಳಿದಳು. "ಸೋ ವಿ ಆರ್ ಹೈಡಿಂಗ್ ಟೂ?"

ಮರುದಿನ ಮಲ್ಲಮ್ಮ ಹೊಂಡದ ಹತ್ತಿರ ನಿಂತು ಕಾದಳು. ಅನುಸೂಯಮ್ಮ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಅವರು ಬೇರೆ ರಸ್ತೆಯಲ್ಲಿ ಸೊಸೆಯ ಜೊತೆ ನಡೆಯುತ್ತಿರುವುದು ಕಂಡಿತು. ಮಲ್ಲಮ್ಮ ಕರೆಯಲಿಲ್ಲ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ದೀಪಾವಳಿ ಊಟದ ಮಾತು ನಡೆದಿತ್ತು. ಪ್ರತಿ ವರ್ಷ ಕೋಸಂಬರಿ ಲತಾಶ್ರೀಯದು. ಈ ಸಲ ಕೋಸಂಬರಿ ನಾನೇ ಮಾಡ್ತೀನಿ, ನೀನು ಪೇಪರ್ ಪ್ಲೇಟು ತಂದುಬಿಡು, ಈಸಿ ಆಗುತ್ತೆ ಎಂದು ಮಾನಸ ಬರೆದಳು. ಲತಾಶ್ರೀ ಅದನ್ನು ಗಂಡನಿಗೆ ತೋರಿಸಿದಳು. ಅವನು ಓದಿ ಫೋನನ್ನು ವಾಪಸ್ ಕೊಟ್ಟ. ಆಫೀಸಿನಲ್ಲಿ ಗಿರೀಶ ಎಂದಿನಂತೆಯೇ ಇದ್ದ. ಊಟದ ಹೊತ್ತಿಗೆ ಮಾತ್ರ ಅವನಿಗೆ ಮೀಟಿಂಗ್ ಇರುತ್ತಿತ್ತು.

ಮುಂದಿನ ವಾರ ಸ್ಕೂಲಿನಿಂದ ಕರೆ ಬಂತು. ಹಬ್ಬದ ಸಮಿತಿ ಮಾತಾಡಬೇಕೆಂದಿದೆ, ಸಾಧ್ಯವಾದರೆ ತಾಯಿಯನ್ನೂ ಕರೆದುಕೊಂಡು ಬನ್ನಿ ಎಂದರು.

ಸ್ಕೂಲಿನ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳ ಕುರ್ಚಿಗಳಲ್ಲಿ ದೊಡ್ಡವರು ಕೂತಿದ್ದರು. ಪ್ರಿನ್ಸಿಪಾಲ್ ಇದ್ದರು. ಗಿರೀಶ ಇದ್ದ. ಡೊರೀನ್ ಇದ್ದಳು. ಸಮಿತಿಯ ಅಧ್ಯಕ್ಷೆ ಜೂಡಿ ಎಂಬ ಬಿಳಿ ಹೆಂಗಸು. ಎಪ್ಪತ್ತರ ಹತ್ತಿರದ ವಯಸ್ಸು, ಮೆತ್ತನೆಯ ದನಿ. ಎದ್ದು ಬಂದು ಮಲ್ಲಮ್ಮನ ಕೈ ಹಿಡಿದುಕೊಂಡು ಮಾತಾಡಿಸಿದಳು.

ಮಂಜೇಶ ಖಾಲಿಯಿದ್ದ ಕುರ್ಚಿಯಲ್ಲಿ ಕೂತ. ಅದು ಡೊರೀನಳ ಪಕ್ಕ. ಅವಳು ತಲೆ ತಿರುಗಿಸದೆ ಇಂಗ್ಲಿಷಿನಲ್ಲಿ ಹೇಳಿದಳು. ದೊಡ್ಡ ಮಗಳ ಕಾಲದಿಂದ ಮೂರು ವರ್ಷ ನಾನು ಇಲ್ಲಿಗೆ ಬಂದು ಇದನ್ನು ನಿಲ್ಲಿಸಿ ಎಂದು ಕೇಳಿದೆ. ನನ್ನ ಜೊತೆ ಯಾರೂ ಬರಲಿಲ್ಲ. ನೀವು ಕ್ಯಾಮೆರಾ ಹಿಡಿದು ಹಬ್ಬಕ್ಕೆ ಬರುತ್ತಿದ್ದಿರಿ. ನಾನು ನೋಡಿದ್ದೇನೆ.

ಅವಳು ಉತ್ತರಕ್ಕೆ ಕಾಯಲಿಲ್ಲ.

ಜೂಡಿ ಮಾತು ಶುರು ಮಾಡಿದಳು. ಅವಳ ಮುತ್ತಜ್ಜನ ತಂದೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಯುದ್ಧದಲ್ಲಿ ದಕ್ಷಿಣದ ವರ್ಜೀನಿಯಾದ ಮಣ್ಣಿನಲ್ಲಿ ಸತ್ತ. ಚೌಕದ ಕಲ್ಲಿನಲ್ಲಿ ಅವನ ಹೆಸರಿದೆ. ತಾನು ಮಗುವಾಗಿದ್ದಾಗ ತಾಯಿ ತನ್ನನ್ನು ಅಲ್ಲಿಗೆ ಕರೆದೊಯ್ದು ಅದರ ಮೇಲೆ ಬೆರಳಾಡಿಸುತ್ತಿದ್ದಳು ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಇದು ದಕ್ಷಿಣವಲ್ಲ, ನಾವು ಅವರಲ್ಲ ಎಂದಳು. ಅವರನ್ನು ಎದುರಿಸಿದ ಊರು ಇದು. ಅವತ್ತು ಅಷ್ಟು ಜನರ ಎದುರು ನಮ್ಮನ್ನೇ ಕ್ರೂರಿಗಳಂತೆ ತೋರಿಸಿದ್ದು ನೋವಾಯಿತು. ಒಂದು ಮಗು ಅತ್ತಿತು. ಯಾರ ಮೇಲೂ ಸಿಟ್ಟಿಲ್ಲ. ಊರಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿದರೆ ಸಾಕು. ಅಜ್ಜಿ ಈ ದೇಶಕ್ಕೆ ಹೊಸಬರು, ನಮ್ಮ ಚರಿತ್ರೆ ಅವರಿಗೆ ಅರ್ಥವಾಗಲಿಲ್ಲ, ಬೇಸರವಾಗಿದ್ದರೆ ಕ್ಷಮಿಸಿ ಎಂದು.

ಗಿರೀಶ ಮಂಜೇಶನ ಕಡೆಗೆ ಬಗ್ಗಿ ಕನ್ನಡದಲ್ಲಿ ಹೇಳಿದ. "ಒಪ್ಕೊಂಡ್ಬಿಡಿ ಮಂಜೇಶ್. ಆ ವರ್ಡಿಂಗ್ ನಾನೇ ಸಜೆಸ್ಟ್ ಮಾಡಿದ್ದು. ಇಲ್ಲಿಗೆ ಎಲ್ಲಾ ಮುಗಿದುಹೋಗುತ್ತೆ."

ಎಲ್ಲಾ ಅಂದರೆ ಏನೆಲ್ಲ ಎಂದು ಮಂಜೇಶನಿಗೆ ತಿಳಿಯಿತು. ಅವತ್ತು ನೆಲಮಾಳಿಗೆಯಲ್ಲಿ ಕೇಳಿಸಿದ್ದನ್ನು ಕೇಳಿಸಲೇ ಇಲ್ಲ ಎಂದುಕೊಳ್ಳಲು ಗಿರೀಶ ತಯಾರಿದ್ದ. ಮುದುಕಿಗೆ ಅರ್ಥವಾಗದೆ ಏನೋ ಅಂದಳು. ಅಷ್ಟೇ. ಮಂಜೇಶ ತಲೆಯಾಡಿಸಲು ಹೊರಟಿದ್ದ.

"ಏನಂತವ್ರೆ?" ಎಂದಳು ಮಲ್ಲಮ್ಮ.

ಅವನು ಚಿಕ್ಕದಾಗಿ ಹೇಳಿದ.

"ನಂಗೆ ಅರ್ಥ ಆಗ್ಲಿಲ್ವಂತಾ?"

ಅವಳು ಆ ಸಣ್ಣ ಕುರ್ಚಿಯಿಂದ ಎದ್ದಳು. ಮಂಡಿ ನೋವಿಗೆ ಮೇಜು ಹಿಡಿದು ಎದ್ದಳು. ಜೂಡಿಯನ್ನೇ ನೋಡುತ್ತ ಮಗನಿಗೆ ಹೇಳಿದಳು.

"ಆಯಮ್ಮಂಗೆ ಹೇಳು. ಅವರ ತಾತ ಸತ್ತಿದ್ದು ದೊಡ್ಡದೇ. ನಾನು ಇಲ್ಲ ಅನ್ನಲ್ಲ. ಆದ್ರೆ ಬ್ರೆಡ್ಡು ಹಾಕ್ದೋರ ಕತೇನೇ ವರ್ಷ ವರ್ಷ ಆಡ್ತೀರಿ. ಮಂಡಿಯೂರಿ ಇಸ್ಕಂಡೋರ್ಗೆ ಏನಾಯ್ತು ಅಂತ ಯಾರೂ ಕೇಳಲ್ಲ. ಅನ್ನ ಹಾಕ್ದೋಳು ಒಳ್ಳೆಯೋಳೇ ಇರ್ಬೋದು. ಆದ್ರೂ ಇಸ್ಕಳೋವಾಗ ಜೀವ ಸಾಯ್ತದೆ. ಇಸ್ಕಂಡೋಳು ನಾನು. ನಂಗೆ ಅರ್ಥ ಆಯ್ತದೆ. ನನ್ನ ಕೂಸ್ಗೆ ಅದನ್ನ ಕಲಿಸ್ಬೇಡಿ. ತಪ್ಪಾಯ್ತು ಅಂತ ನಾನು ಅನ್ನಲ್ಲ."

ಎಲ್ಲರೂ ಮಂಜೇಶನ ಮುಖ ನೋಡಿದರು. ಜೂಡಿ ಮೆಲ್ಲಗೆ ನಕ್ಕು ಕಾಯುತ್ತಿದ್ದಳು. ಆ ಮಾತನ್ನು ಅವನು ಹೇಗೆ ಬೇಕಾದರೂ ತಿರುಗಿಸಬಹುದಿತ್ತು. ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಗಿರೀಶ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದ. ಹಾಸ್ಟೆಲಿನ ದಿನದಿಂದ ಈವರೆಗೆ ಅವನು ತನ್ನ ಜಾತಿಯ ಆ ಪದವನ್ನು ತನ್ನ ಬಾಯಿಂದ ತನಗೆ ಹೇಳಿಕೊಂಡಿರಲಿಲ್ಲ. ಯಾವ ಭಾಷೆಯಲ್ಲೂ ಹೇಳಿಕೊಂಡಿರಲಿಲ್ಲ.

ಮೊದಲು ಅದನ್ನೇ ಹೇಳಿದ. ಇಂಗ್ಲಿಷಿನಲ್ಲಿ ಹೇಳಿದ. ನಮ್ಮನ್ನು ಅಸ್ಪೃಶ್ಯರು ಅನ್ನುತ್ತಾರೆ, ನನ್ನ ತಂದೆ ಜೀತದಾಳು, ನನ್ನ ತಾಯಿ ಉಂಡದ್ದು ಮೇಲಿಂದ ಹಾಕಿದ ಅನ್ನ, ನಾನು ಅವಳ ಮಗ ಎಂದ. ಆಮೇಲೆ ತಾಯಿಯ ಮಾತನ್ನು ಒಂದೊಂದಾಗಿ ಹೇಳಿದ. ಒಂದನ್ನೂ ಬಿಡಲಿಲ್ಲ. ಕೊನೆಯದನ್ನು ಎರಡು ಸಲ ಹೇಳಿದ. ಕ್ಷಮೆ ಕೇಳುವುದಿಲ್ಲ.

ಜೂಡಿ ಗಲಿಬಿಲಿಗೊಂಡಳು. ಅದು ನಿಮ್ಮ ದೇಶದಲ್ಲಿ ನಡೆದದ್ದು, ತುಂಬ ದುಃಖದ ವಿಷಯ, ಆದರೆ ಇಲ್ಲಿ ನಾವು ಅಂಥದ್ದರ ವಿರುದ್ಧ ಹೋರಾಡಿದವರು ಎಂದಳು.

ಡೊರೀನ್ ಆಗ ಮಾತಾಡಿದಳು. ನಮ್ಮವರೂ ಬಂದೂಕು ಹಿಡಿದು ಆ ಯುದ್ಧಕ್ಕೆ ಹೋದರು, ಈ ರಾಜ್ಯದಿಂದಲೇ ಹೋದರು. ನಿಮ್ಮ ಆಟದಲ್ಲಿ ಮಾತ್ರ ನಾವು ಯಾವಾಗಲೂ ನೆಲಮಾಳಿಗೆಯಲ್ಲೇ ಇರುತ್ತೇವೆ.

ಪರಿಶೀಲಿಸುತ್ತೇವೆ ಎಂದು ಪ್ರಿನ್ಸಿಪಾಲ್ ಸಭೆ ಮುಗಿಸಿದರು. ಪರಿಶೀಲಿಸಿದರು. ಮುಂದಿನ ಅಕ್ಟೋಬರಿನಲ್ಲಿ ಹಬ್ಬ ನಡೆಯಿತು. ಮಕ್ಕಳ ಬದಲು ಡೆಟ್ರಾಯಿಟ್‌ನಿಂದ ಸಂಬಳದ ನಟರನ್ನು ಕರೆಸಿ ಮಂಡಿಯೂರಿಸಿದರು. ಮಲ್ಲಮ್ಮ ಹಗ್ಗ ದಾಟಿದ ಆ ದಿನದ ಬಗ್ಗೆ ಊರಿನ ಪತ್ರಿಕೆ ಬರೆದದ್ದು ಒಂದೇ ಸಾಲು. ವಯಸ್ಸಾದ ಅತಿಥಿಯೊಬ್ಬರ ಅಸ್ವಸ್ಥತೆಯಿಂದ ಪ್ರದರ್ಶನಕ್ಕೆ ಸ್ವಲ್ಪ ಅಡಚಣೆಯಾಯಿತು. ಮಂಜೇಶನ ಫೈಲಿಗೆ ಸಹಿ ಆಗಲಿಲ್ಲ. ಟೀಮ್ ಬದಲಾಗುತ್ತಿದೆ, ಹೊಸ ಮ್ಯಾನೇಜರ್ ಮಾಡುತ್ತಾರೆ ಎಂದು ಹೇಳಿದರು. ಹೊಸ ಮ್ಯಾನೇಜರ್ ಮೊದಲಿಂದ ಶುರು ಮಾಡಬೇಕು ಎಂದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಸಭೆ ಮುಗಿಸಿ ಅವರು ಪಾರ್ಕಿಂಗ್ ಲಾಟಿಗೆ ಬಂದರು. ಮಲ್ಲಮ್ಮ ಕಾರಿನಲ್ಲಿ ಕೂತಳು. ಗಿರೀಶ ಹಿಂದಿನಿಂದ ಬಂದು ಮಂಜೇಶನ ಭುಜ ಮುಟ್ಟಿದ.

"ನಮ್ಗೆ ಮೊದಲೇ ಹೇಳ್ಬಹುದಿತ್ತಲ್ಲ ಮಂಜೇಶ್. ನಮ್ಮನೇಲಿ ಯಾರೂ ಅದನ್ನೆಲ್ಲ ನೋಡಲ್ಲ."

ಮಂಜೇಶ ಅವನನ್ನೇ ನೋಡಿದ.

"ಸರಿ ಗಿರೀಶ್. ಹಾಗಾದ್ರೆ ಈ ಭಾನುವಾರ ಊಟಕ್ಕೆ ಬನ್ನಿ. ಅವ್ವ ಮುದ್ದೆ ಮಾಡ್ತಾಳೆ. ಅನುಸೂಯಮ್ಮನೋರನ್ನ ಕರ್ಕೊಂಡ್ ಬನ್ನಿ."

"ಈ ಸಂಡೇ ಸ್ವಲ್ಪ ಕಷ್ಟ."

"ಮುಂದಿನ ಭಾನುವಾರ?"

"ಮಮ್ಮಿಗೆ ಈಗ ಹೊರಗಿನ ಊಟ ಆಗಿಬರ್ತಿಲ್ಲ."

"ದೀಪಾವಳಿಗೆ ಹೊರಗೆ ಉಣ್ತಾರಲ್ಲ. ನೀವೇ ಹೇಳಿ ಗಿರೀಶ್. ಯಾವ ಭಾನುವಾರ?"

ಗಿರೀಶ ಕಾರಿನ ಕೀ ತೆಗೆದ. ದೂರದಲ್ಲಿ ಅವನ ಕಾರು ಒಂದು ಸಲ ಮಿನುಗಿತು. ಅವನು ಫೋನು ನೋಡಿದ. ಆಕಾಶ ನೋಡಿದ. ಮಂಜೇಶ ಕದಲಲಿಲ್ಲ. ಗಾಳಿ ಕೊರೆಯುತ್ತಿತ್ತು. ಇಬ್ಬರೂ ಹಾಗೆಯೇ ನಿಂತರು. ಕೊನೆಗೆ, ಮಾನಸನ್ನ ಕೇಳಿ ಹೇಳ್ತೀನಿ ಎಂದು ಗಿರೀಶ ಹೊರಟುಹೋದ.

ಮಂಜೇಶ ಬಂದು ಕಾರಿನಲ್ಲಿ ಕೂತು ಬಾಗಿಲು ಹಾಕಿದ. ಗಾಡಿ ಶುರು ಮಾಡಲಿಲ್ಲ.

"ಏನಂದ?" ಎಂದಳು ಮಲ್ಲಮ್ಮ.

"ನಮ್ಮನೇಲಿ ಉಣ್ಣಲ್ವಂತೆ ಕಣವ್ವ."

"ಅಷ್ಟು ಹೇಳಕ್ಕೆ ಇಷ್ಟೊತ್ತು ಬೇಕಾಯ್ತಾ ಅವನ್ಗೆ?" ಎಂದಳು ಮಲ್ಲಮ್ಮ.